ರಾಟೆ ನಿಂತ ಜಾಗ

ಪ್ರೀತಿಯ ತಂಗಿ,

ನಿನ್ನ ಕಥೆಯನ್ನು ಎರಡು ಸಲ ಓದಿದೆ. ಮೂರು ಕಡೆಯಿಂದ ವಾಪಸ್ ಬಂತು, ಬರೆಯೋದೇ ಬಿಟ್ಟುಬಿಡಲಾ ಅಂತ ಕೇಳಿದ್ದೀಯ. ಬಿಡಬೇಡ. ಯಾವ ಪತ್ರಿಕೆಗೆ ಕಳಿಸಬೇಕು, ಎಷ್ಟು ಪುಟ ಇರಬೇಕು ಅನ್ನೋದನ್ನೆಲ್ಲ ಬೇರೆ ಯಾರಾದರೂ ಹೇಳುತ್ತಾರೆ. ನನಗೆ ನಿನ್ನ ಕಥೆಯ ಅಮ್ಮನ ಬಗ್ಗೆ ಮಾತಾಡಬೇಕು.

ಗಂಡ ಬಿಟ್ಟು ಹೋಗಿ ಎಂಟು ದಿನ. ಪಕ್ಕದ ಮನೆಯವರ ರವಿಕೆ ಸಂಜೆಗೆ ಕೊಡಬೇಕು. ಹೊಲಿಗೆ ಮಿಷನ್ ತುಳಿಯುತ್ತಿದ್ದವಳು ತೋಳು ಕೂಡಿಸುವಾಗ ಸುಮ್ನೆ ನಿಲ್ಲಿಸಿಬಿಡುತ್ತಾಳೆ. ಎಷ್ಟು ಚೆನ್ನಾಗಿದೆ ಗೊತ್ತಾ! ಅಷ್ಟರಲ್ಲಿ ನೀನು ನಡುವೆ ಬಂದು ಅರ್ಧ ಪುಟ ದುಃಖ ವಿವರಿಸಿದ್ದೀಯ. 'ಅವಳ ಎದೆ ಒಡೆದು ಚೂರಾಯಿತು.' ಯಾಕೆ ಬೇಕಿತ್ತು ಇದು? ನನಗೆ ಸಿಟ್ಟೇ ಬಂತು.

ಆಸ್ಟ್ರಿಯಾದ ಸಂಗೀತಗಾರ ಶೂಬರ್ಟ್‌ನ ಒಂದು ಹಾಡು ಕೇಳು. 'ಗ್ರೆಟ್ಶೆನ್ ಆಮ್ ಶ್ಪಿನ್‌ರಾಡೆ', ಅಂದರೆ ನೂಲುವ ರಾಟೆಯ ಮುಂದೆ ಗ್ರೆಟ್ಶೆನ್. ಒಂದು ದನಿ, ಒಂದು ಪಿಯಾನೊ, ಅಷ್ಟೇ. ಇಂಥ ಹಾಡಿಗೆ ಜರ್ಮನ್ನರು 'ಲೀಡ್' ಅನ್ನುತ್ತಾರೆ. 1814ರ ಅಕ್ಟೋಬರ್‌ನಲ್ಲಿ ಇದನ್ನು ಕಟ್ಟಿದಾಗ ಅವನಿಗೆ 17 ವರ್ಷ. ನಿನಗಿಂತ ಚಿಕ್ಕವನು. ಮಾತು ಜರ್ಮನ್ ಕವಿ ಗಯಟೆಯ 'ಫೌಸ್ಟ್' ನಾಟಕದ್ದು, ಗ್ರೆಟ್ಶೆನ್ ಅದರಲ್ಲಿ ಬರೋ ಹುಡುಗಿ. ಪದ್ಯದ ಸಾಲುಗಳಲ್ಲಿ ರಾಟೆಯ ಹೆಸರೇ ಇಲ್ಲ. ಗ್ರೆಟ್ಶೆನ್ ರಾಟೆಯ ಮುಂದೆ ಒಬ್ಬಳೇ ಕೂತಿದ್ದಾಳೆ ಅಂತ ನಾಟಕದ ಸೂಚನೆ ಹೇಳುತ್ತದೆ. ಶೂಬರ್ಟ್ ಅದನ್ನು ಹಿಡಿದುಕೊಂಡ. ಪಿಯಾನೊದ ಬಲಗೈಯಲ್ಲಿ ಚಕ್ರ ತಿರುಗುತ್ತಲೇ ಇರುತ್ತದೆ, ಎಡಗೈಯಲ್ಲಿ ರಾಟೆ ತುಳಿಯುವ ಕಾಲಿನ ಸದ್ದು. ಅವಳು ತನ್ನವನ ನಡಿಗೆ, ನಗು, ಕಣ್ಣು, ಮಾತು ಎಲ್ಲ ನೆನೆಯುತ್ತಾ ಹೋಗುತ್ತಾಳೆ. ಕೊನೆಗೆ, ಅವನ ಮುತ್ತು! ಅಲ್ಲಿ ರಾಟೆ ನಿಂತುಹೋಗುತ್ತದೆ. ಅವಳಿಗೆ ಕೈಕಾಲೇ ಮರೆತಿದೆ. ಆಮೇಲೆ ತಡೆದು ತಡೆದು ಮತ್ತೆ ತಿರುಗಲು ಶುರುವಾಗುತ್ತದೆ.

ಅವಳೂ 'ನೆಮ್ಮದಿ ಹೋಯಿತು, ಎದೆ ಭಾರ' ಅಂತ ಬಾಯಿಬಿಟ್ಟೇ ಹಾಡುತ್ತಾಳಲ್ವಾ ಅಂತ ನೀನು ಕೇಳಬಹುದು. ಹೌದು, ಆದರೆ ಅದು ಅವಳ ಬಾಯಿಂದ ಬಂದ ಮಾತು. ನಿನ್ನ ಕಥೆಯಲ್ಲಿ ಅಮ್ಮನ ಬಾಯಿಗೆ ಬಾರದ ಮಾತನ್ನು ನೀನು ಆಡಿದ್ದೀಯ.

ಇಷ್ಟು ಜೋರಾಗಿ ಹೇಳೋಕೆ ಕಾರಣ ಇದೆ. ನನ್ನ ಮೊದಲ ಕಥೆಯ ಕೊನೆಯ ಪ್ಯಾರಾ ಓದಿ ಒಬ್ಬ ಸಂಪಾದಕರು ಕಣ್ಣಲ್ಲಿ ನೀರು ಬಂತು ಅಂದಿದ್ದರು. ಆ ಹೊಗಳಿಕೆ ನನ್ನನ್ನು ಕೆಡಿಸಿತು. ಹತ್ತು ವರ್ಷ ಅದೇ ಪ್ಯಾರಾವನ್ನು ಬೇರೆ ಬೇರೆ ಕಥೆಗೆ ಬರೆದೆ. ಅವ್ವ ತೀರಿಕೊಂಡ ಮೇಲೆ ಅವಳ ಬಗ್ಗೆ ಬರೆದಾಗಲೂ ಅದನ್ನೇ ಅಂಟಿಸಿದೆ. ಈಗ ಆ ಪುಸ್ತಕ ತೆಗೆದರೆ ಅವ್ವ ಎಲ್ಲೂ ಕಾಣೋದಿಲ್ಲ. ನನ್ನ ಅಳು ಮಾತ್ರ ಕೇಳಿಸುತ್ತದೆ. ಆ ಅವ್ವನನ್ನು ಮತ್ತೆ ಬರೆಯೋಕೆ ನನಗೆ ಆಗಲೇ ಇಲ್ಲ.

ಆ ಅರ್ಧ ಪುಟ ಹೊಡೆದುಹಾಕು. ಇನ್ನೊಂದು ವಿಷಯ. ನಿಂತ ಮಿಷನ್ ಮತ್ತೆ ಹೇಗೆ ಶುರುವಾಯಿತು ಅಂತ ನೀನು ಬರೆದೇ ಇಲ್ಲ. ಸಂಜೆಗೆ ರವಿಕೆ ಕೊಡಬೇಕಲ್ಲ? ಅವಳು ಚಕ್ರಕ್ಕೆ ಕೈ ಕೊಟ್ಟಳಾ? ದಾರ ಕಿತ್ತುಹೋಗಿತ್ತಾ? ಸೂಜಿಗೆ ಮತ್ತೆ ಪೋಣಿಸಿದ್ದು ಯಾರು, ಅವಳಾ, ನೀನಾ? ಅದನ್ನು ಬರೆದು ಕಳಿಸು. ಕಾಯುತ್ತಿರುತ್ತೇನೆ.

ನಿನ್ನ ಅಕ್ಕ