ಕೆಡವುವ ಮೊದಲು ಕಲ್ಲಿಗೆ ನಂಬರ್ ಹಾಕಿ

ಮಾನ್ಯ ಸಂಪಾದಕರೇ,

ನಮ್ಮ ಬಸವನಗುಡಿಯಲ್ಲಿ ಸೈಜುಗಲ್ಲಿನ ಹಳೆ ಮನೆಗಳು ಒಂದೊಂದಾಗಿ ಬೀಳುತ್ತಿವೆ. 'ಬಿಚ್ಚಿದರೆ ಮತ್ತೆ ಜೋಡಿಸೋಕೆ ಆಗಲ್ಲ ಸಾರ್' ಅನ್ನುವುದು ಕಂಟ್ರಾಕ್ಟರ್‌ಗಳ ಮಾಮೂಲಿ ಮಾತು. ಸುಳ್ಳು. ಕಟ್ಟಡದ ಕೆಲಸದಲ್ಲೇ ಕೂದಲು ಬೆಳ್ಳಗಾದವನು ನಾನು, ಅದಕ್ಕೇ ಹೇಳುತ್ತಿದ್ದೇನೆ.

ಲಂಡನ್ನಿನ ಸೇಂಟ್ ಮೇರಿ ಆಲ್ಡರ್‌ಮನ್‌ಬರಿ ಚರ್ಚನ್ನೇ ನೋಡಿ. 12ನೇ ಶತಮಾನದಿಂದ ಅಲ್ಲಿದ್ದ ಪ್ಯಾರಿಷ್ ಚರ್ಚ್, ಅಂದರೆ ಆ ಬಡಾವಣೆಯವರ ಚರ್ಚ್ ಅದು. 1666ರ ಮಹಾ ಬೆಂಕಿಯಲ್ಲಿ ಸುಟ್ಟುಹೋಯಿತು. ವಾಸ್ತುಶಿಲ್ಪಿ ಕ್ರಿಸ್ಟೋಫರ್ ರೆನ್ ಪೋರ್ಟ್‌ಲ್ಯಾಂಡ್ ಅನ್ನುವ ಇಂಗ್ಲೆಂಡಿನ ಸುಣ್ಣಕಲ್ಲಿನಲ್ಲಿ ಮತ್ತೆ ಕಟ್ಟಿಸಿದರು. 1940ರಲ್ಲಿ ಜರ್ಮನ್ ವಿಮಾನ ದಾಳಿಗೆ ಬರೀ ಗೋಡೆ, ಗೋಪುರ ಉಳಿದವು. ಎಷ್ಟೋ ವರ್ಷ ಹಾಗೇ ಪಾಳು ಬಿದ್ದಿತ್ತು.

ಕೊನೆಗೆ ಬೇಕು ಅಂತ ಬಂದವರು ಅಮೆರಿಕದ ಮಿಸೌರಿಯ ಫುಲ್ಟನ್ ಊರಿನ ಕಾಲೇಜಿನವರು. ಬ್ರಿಟನ್ನಿನ ಮಾಜಿ ಪ್ರಧಾನಿ ಚರ್ಚಿಲ್ 1946ರಲ್ಲಿ, ಸೋವಿಯತ್ ಬಣ ಯುರೋಪನ್ನು ಇಬ್ಭಾಗ ಮಾಡಿದೆ ಅನ್ನುವ 'ಕಬ್ಬಿಣದ ಪರದೆ' ಭಾಷಣ ಮಾಡಿದ್ದು ಅಲ್ಲೇ. ಚರ್ಚಿಲ್ ನೆನಪಿಗೆ ಅಂತ ಸುಮಾರು 7,000 ಕಲ್ಲು ಬಿಚ್ಚಿ, ನಂಬರ್ ಹಾಕಿ, ಸಮುದ್ರ ದಾಟಿಸಿದರು. 1969ರಲ್ಲಿ ಚರ್ಚ್ ಮತ್ತೆ ಎದ್ದು ನಿಂತಿತು. ಲಂಡನ್ನಿನ ಹಳೆ ಜಾಗದಲ್ಲಿ ಈಗ ಸಣ್ಣ ತೋಟವಿದೆ, ಅಡಿಪಾಯ ಅಲ್ಲೇ ಕಾಣುತ್ತದೆ.

ಚರ್ಚ್ ತನ್ನ ಬೀದಿ ಬಿಟ್ಟು ಹೋಗಿದ್ದು ನನಗೇನೂ ಇಷ್ಟವಿಲ್ಲ. ಆದರೆ ಕಲ್ಲಾದರೂ ಉಳಿಯಿತು, ಅಲ್ವಾ? ನಮ್ಮಲ್ಲಿ ಸಾದರಹಳ್ಳಿ ಕಲ್ಲಿನ (ಬೆಂಗಳೂರು ಬಳಿಯ ಬೂದು ಗ್ರಾನೈಟ್) ಕಂಬಗಳೂ ಡೆಬ್ರಿ ಲಾರಿ ಸೇರುತ್ತಿವೆ. ಕೆಡವಲು ಅನುಮತಿ ಕೊಡುವ ಮೊದಲು ಅಳತೆ ನಕ್ಷೆ, ಫೋಟೊ ಕಡ್ಡಾಯ ಮಾಡಲಿ. ಕಂಬ, ಬಾಗಿಲುವಾಡದ ಕಲ್ಲಿಗಾದರೂ ನಂಬರ್ ಬರೆಸಲಿ. ಅದಕ್ಕೆ ಒಂದು ಡಬ್ಬ ಪೇಂಟ್ ಸಾಕು.

– ನಿವೃತ್ತ ಸಿವಿಲ್ ಎಂಜಿನಿಯರ್, ಬಸವನಗುಡಿ, ಬೆಂಗಳೂರು