ಪುಟ್ಟಿಗೆ, ಅವಳ ತಾತನ ವಿಷಯವಾಗಿ

ಚಿ. ಪುಟ್ಟಿಗೆ,

ಚಿಕ್ಕಜ್ಜಿಯ ಆಶೀರ್ವಾದಗಳು.

ನಿನ್ನ ಕಾಗದ ಮಂಗಳವಾರ ಬಂತು. ನಿನ್ನ ಅಜ್ಜಿಯ ಕಡೆಯ ದಿನಗಳ ಬಗ್ಗೆ ನಾನು ಏನೂ ಬರೆಯಲ್ಲ, ಇಬ್ಬರೂ ಅಲ್ಲೇ ಇದ್ದೆವಲ್ಲ. ಆದರೆ ಕೊನೆಯಲ್ಲಿ ಒಂದು ಸಾಲು ಬರೆದಿದ್ದೀಯ. "ಅಜ್ಜಿಯ ಜೊತೆ ತಾತನಿಗೂ ಪಿಂಡ ಇಟ್ಟರೆ ನಾವೇ ಅವರನ್ನು ಸಾಯಿಸಿದ ಹಾಗಾಗಲ್ವಾ?" ಅದನ್ನು ಓದಿದ ಮೇಲೆ ಎರಡು ರಾತ್ರಿ ನಿದ್ದೆ ಬಂದಿಲ್ಲ.

1983ರಲ್ಲಿ ನಿನ್ನ ಅಜ್ಜಿ ಹೆಚ್ಚುಕಮ್ಮಿ ಇದೇ ಮಾತಾಡಿದ್ದರು. ನಿನ್ನ ತಾತ, ನನ್ನ ಅಣ್ಣ, 1971ರ ಪಾಕಿಸ್ತಾನದ ಯುದ್ಧದಲ್ಲಿ ಕಾಣೆಯಾಗಿ ಹನ್ನೆರಡು ವರ್ಷ ತುಂಬಿತ್ತು. ದರ್ಭೆಯಲ್ಲಿ ಆಕೃತಿ ಮಾಡಿ ದಹನ ಮಾಡಬಹುದು, ಶಾಸ್ತ್ರ ಇದೆ ಎಂದು ಪುರೋಹಿತರು ಹೇಳಿದರು. ಅತ್ತಿಗೆ ಅಡುಗೆಮನೆಯಿಂದ ಹೊರಗೆ ಬಂದು, "ಹುಲ್ಲು ಸುಟ್ಟು ನಾನು ಕುಂಕುಮ ಅಳಿಸಲ್ಲ" ಎಂದರು. ನಮ್ಮ ಅಪ್ಪ ಮರುಮಾತಾಡಲಿಲ್ಲ. ಅದೇ ವರ್ಷ ನಮ್ಮ ಹಾಗೇ ಕಾಯುತ್ತಿದ್ದ ಕೆಲವು ಮನೆಯವರು ಪಾಕಿಸ್ತಾನದ ಮುಲ್ತಾನಿನ ಜೈಲಿಗೆ ಹೋಗಿ ಹುಡುಕಿದ್ದರು. 2007ರಲ್ಲಿ ಮತ್ತೆ 14 ಜನ ಹೋಗಿ ಪಾಕಿಸ್ತಾನದ ಜೈಲುಗಳನ್ನು ನೋಡಿ ಬಂದರು. ಹಾಗೆ ಕಾಣೆಯಾಗಿ ಅಲ್ಲಿ ಸೆರೆಯಲ್ಲಿರಬಹುದು ಎಂದುಕೊಂಡವರ ಪಟ್ಟಿಯಲ್ಲಿದ್ದವರು 54 ಮಂದಿ. ಒಬ್ಬರನ್ನೂ ಕರೆತರಲಾಗಲಿಲ್ಲ. ಅವತ್ತಿನ ಪೇಪರನ್ನು ಅತ್ತಿಗೆ ಮಡಿಸಿ ಸೀರೆಗಳ ಕೆಳಗೆ ಇಟ್ಟುಕೊಂಡರು. ಅದು ಇನ್ನೂ ಆ ಬೀರುವಿನಲ್ಲೇ ಇರಬೇಕು, ನೋಡು.

ಸಾಯಿಸಿದ ಹಾಗಾಗಲ್ವಾ ಅಂತೀಯ. ನನ್ನ ತಪ್ಪನ್ನು ಈಗ ಹೇಳಲೇಬೇಕು.

ಅಣ್ಣ ವಾಯುಸೇನೆಯ ಕ್ಯಾನ್‌ಬೆರಾ ಬಾಂಬರ್‌ನಲ್ಲಿ ನ್ಯಾವಿಗೇಟರ್, ಅಂದರೆ ನಕ್ಷೆ ನೋಡಿ ದಾರಿ ಹೇಳುವವನು. ವಿಮಾನದಲ್ಲಿ ಇಬ್ಬರೇ, ಪೈಲಟ್ ಮತ್ತು ಇವನು. 1971ರ ಯುಗಾದಿಗೆ ರಜೆಯಲ್ಲಿ ಬಂದಿದ್ದ. ನಾನು ಬಾಗಿಲಲ್ಲಿ ರಂಗೋಲಿ ಹಾಕುತ್ತಿದ್ದೆ. ಬಟ್ಟಲು ಕಿತ್ತುಕೊಂಡು ಜಗಲಿ ಮೇಲೆ ರಂಗೋಲಿ ಪುಡಿಯಲ್ಲೇ ವಿಮಾನ ಬರೆದು ತೋರಿಸಿದ. ಮೇಲೆ ಗಾಜಿನ ಗೂಡಿನಲ್ಲಿ ಪೈಲಟ್. ಕೆಳಗೆ ಮೂತಿಯೊಳಗೆ ಇವನು, ನಕ್ಷೆ ಹರಡಿಕೊಂಡು. ಬಾಂಬ್ ಹಾಕುವಾಗ ಮುಂದಿನ ಗಾಜಿನ ಹತ್ತಿರ ಬೋರಲು ಮಲಗಬೇಕಂತೆ. ಏನಾದರೂ ಆದರೆ ಹೇಗೆ ಹೊರಗೆ ಬರ್ತೀಯ ಅಂತ ಕೇಳಿದೆ. ಪೈಲಟ್‌ಗೆ ಹೊರಕ್ಕೆ ಚಿಮ್ಮಿಸುವ ಸೀಟು ಇದೆ ಎಂದ. ನಿನಗೆ? ನನಗಿಲ್ಲ, ಪಕ್ಕದ ಬಾಗಿಲಿನಿಂದ ನಾನೇ ಧುಮುಕಬೇಕು ಎಂದು ನಕ್ಕ. ಆಮೇಲೆ ಕಾಲಲ್ಲಿ ವಿಮಾನ ಅಳಿಸಿದ. ಅತ್ತಿಗೆಗೆ ಹೇಳಬೇಡ ಎಂದ.

ನಾನು ಹೇಳಲೇ ಇಲ್ಲ, ಪುಟ್ಟಿ. ಡಿಸೆಂಬರಿನಲ್ಲಿ ತಂತಿ ಬಂತು. ಆಗ್ರಾದಿಂದ ರಾತ್ರಿ ಹೊರಟ ವಿಮಾನ ವಾಪಸು ಬಂದಿಲ್ಲ, ಇಬ್ಬರೂ ಕಾಣೆ ಅಂತ. ಅವರು ರಾತ್ರಿ ಹೊತ್ತು ತಗ್ಗಿನಲ್ಲೇ ಹಾರಿ ಹೋಗುತ್ತಿದ್ದರು. ಅಷ್ಟು ತಗ್ಗಿನಲ್ಲಿ ಬಾಗಿಲು ತೆಗೆದು ಧುಮುಕಲು ಎಷ್ಟು ಹೊತ್ತು ಸಿಗುತ್ತೆ? ಅವತ್ತೇ ನನಗೆ ಗೊತ್ತಾಗಿತ್ತು. ಆದರೂ ಅತ್ತಿಗೆಯ ಕೈ ಹಿಡಿದು, "ಸೀಟು ಚಿಮ್ಮಿಸಿಕೊಂಡು ಹಾರಿರ್ತಾನೆ, ಎಲ್ಲೋ ಸೆರೆಯಲ್ಲಿರ್ತಾನೆ" ಎಂದೆ. ನಿಮ್ಮಪ್ಪ ಆಗ ಹಾಲು ಕುಡಿಯೋ ಮಗು. ನನಗೆ ಬೇರೆ ಮಾತು ಬರಲಿಲ್ಲ.

ಮಾರನೇ ವರ್ಷ ಡಿಸೆಂಬರ್ 1ಕ್ಕೆ ವಾಘಾದಲ್ಲಿ ನಮ್ಮ ಸೆರೆಯಾಳುಗಳನ್ನು ಬಿಟ್ಟರು. ಅತ್ತಿಗೆ ಮೂರು ದಿನ ರೇಡಿಯೋ ಬಿಟ್ಟು ಏಳಲಿಲ್ಲ. ಪೋಸ್ಟ್‌ಮ್ಯಾನ್ ಸೈಕಲ್ ಸದ್ದಾದರೆ ಬಾಗಿಲಿಗೆ ಓಡುತ್ತಿದ್ದರು. ಆಗಲಾದರೂ ಹೇಳಬಹುದಿತ್ತು. ಐವತ್ತು ವರ್ಷ ಅವರು ಕಾದಿದ್ದು ನನ್ನ ಆ ಒಂದು ಸುಳ್ಳಿನ ಮೇಲೇನೋ ಅಂತ ಈಗ ಅನಿಸುತ್ತದೆ. ಇಲ್ಲ, ಅವರು ಹೇಗಿದ್ದರೂ ಕಾಯುತ್ತಿದ್ದರು ಅಂತ ಇನ್ನೊಂದು ಸಲ ಅನಿಸುತ್ತದೆ.

ಅದಕ್ಕೇ ನಿನ್ನ ಸಾಲು ನನ್ನನ್ನು ಬಿಡುತ್ತಿಲ್ಲ. ನೀನು ಸಾಯಿಸುತ್ತಿಲ್ಲ ಮಗಳೇ. ಅವನು ಆ ರಾತ್ರಿಯೇ ಹೋದ. ನಾನು ಇದನ್ನು ಕಾಗದದ ಮೇಲೆ ಬರೆಯುತ್ತಿರುವುದು ಇದೇ ಮೊದಲು.

ಏನು ಮಾಡಬೇಕು ಅಂತ ಹೇಳುವ ಯೋಗ್ಯತೆ ನನಗೆಷ್ಟಿದೆಯೋ ಗೊತ್ತಿಲ್ಲ. ಪಿಂಡ ಇಡೋಕೆ ಮನಸ್ಸು ಒಪ್ಪದಿದ್ದರೆ ಈ ವರ್ಷ ಬಿಡು, ಯಾರ ಬಲವಂತಕ್ಕೂ ಮಾಡಬೇಡ. ಆ ತಂತಿಯ ಶಾಯಿ ಮಾಸುತ್ತಿದೆ, ಒಂದು ಫೋಟೋ ತೆಗೆದಿಟ್ಟುಕೋ. ಆಫೀಸಿನ ಕೆಲಸಕ್ಕೆ ದೆಹಲಿಗೆ ಹೋಗ್ತೀಯಲ್ಲ, 2019ರಲ್ಲಿ ಇಂಡಿಯಾ ಗೇಟ್ ಹತ್ತಿರ ಕಟ್ಟಿದ ಯುದ್ಧ ಸ್ಮಾರಕಕ್ಕೆ ಒಂದು ಸಲ ಹೋಗು. ಗೋಡೆಯ ಗ್ರಾನೈಟ್ ಮೇಲೆ 25 ಸಾವಿರಕ್ಕೂ ಜಾಸ್ತಿ ಹೆಸರು ಕೆತ್ತಿದ್ದಾರೆ. ಅವನದೂ ಇದೆ. ನಾನು ಹೋದಾಗ ಮಂಡಿನೋವು, ಪೂರ್ತಿ ಸುತ್ತಲಾಗಲಿಲ್ಲ. ಆದರೂ ಹೆಸರು ಮುಟ್ಟಿ ಬಂದೆ. ಕಲ್ಲು ಬಿಸಿಲಿಗೆ ಕಾದಿತ್ತು.

ಅತ್ತಿಗೆಯನ್ನೂ ಕರೆದಿದ್ದೆ. ಬರಲ್ಲ ಅಂದರು.

ಆ ಸೀಟಿನ ವಿಷಯ ನಿಮ್ಮಪ್ಪನಿಗೆ ಹೇಳಬೇಕೋ ಬೇಡವೋ, ನೀನೇ ನೋಡು. ನನಗೆ ಇನ್ನೂ ಧೈರ್ಯ ಬಂದಿಲ್ಲ.

ಇಂತು,
ನಿನ್ನ ಚಿಕ್ಕಜ್ಜಿ