ಟ್ಯೂಬ್‌ಲೈಟ್ ಹಾಳಾಗಿರ್ಲಿಲ್ಲ, ಶಟರ್ ತಪ್ಪಿತ್ತು

ಸಂಪಾದಕರಿಗೆ ನಮಸ್ಕಾರ,

ಕಳೆದ ಭಾನುವಾರದ ಪುರವಣಿಯಲ್ಲಿ ಸ್ಟಿಲ್ ಕ್ಯಾಮೆರಾದಲ್ಲೇ ವಿಡಿಯೋ ತೆಗೆಯೋದು ಹೇಗೆ ಅಂತ ಬರೆದಿದ್ರಲ್ಲ, ಬರಹ ಚೆನ್ನಾಗೇ ಇತ್ತು, ಆದ್ರೆ ಅದರಲ್ಲಿ ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಚಿತ್ರ ಅನ್ನೋದು) 30, ಶಟರ್ (ಒಂದೊಂದು ಚಿತ್ರಕ್ಕೆ ಬೆಳಕು ಬೀಳೋ ಹೊತ್ತು) 1/60 ಸೆಕೆಂಡ್ ಇಟ್ಕೊಳ್ಳಿ ಅಂತ ಇದ್ದಿದ್ದು ಓದಿ ಸುಮ್ನಿರೋಕೆ ಆಗ್ಲಿಲ್ಲ. ಅದು ಅಮೆರಿಕದ ಲೆಕ್ಕ. ಅಲ್ಲಿ ಕರೆಂಟು 60 ಹರ್ಟ್ಜ್, ಅಂದ್ರೆ ಸೆಕೆಂಡಿಗೆ 60 ಸಲ ಹಿಂದೆಮುಂದೆ ಹರಿಯುತ್ತೆ, ನಮ್ಮಲ್ಲಿ 50.

ಇದನ್ನ ನಾನು ಕಲಿತಿದ್ದು ಪೆಟ್ಟು ತಿಂದೇ. ಸ್ಟುಡಿಯೋ ಹಾಕಿದ ಹೊಸತರಲ್ಲಿ ಒಂದು ಮನೆಯವರ ಹರಕೆ ಯಕ್ಷಗಾನದ ಆಟ ಶೂಟ್ ಮಾಡೋಕೆ ಹೋಗಿದ್ದೆ, ಯೂಟ್ಯೂಬ್ ನೋಡಿ 1/60 ಇಟ್ಟಿದ್ದೆ, ಮನೆಗೆ ಬಂದು ಕಂಪ್ಯೂಟರ್‌ಗೆ ಹಾಕಿ ನೋಡಿದ್ರೆ ಇಡೀ ರಂಗಸ್ಥಳದ ಮೇಲೆ ಕಪ್ಪು ಪಟ್ಟೆಗಳು ನಿಧಾನಕ್ಕೆ ಹರೀತಾ ಇದಾವೆ. ಟ್ಯೂಬ್‌ಲೈಟ್ ಹಾಳಾಗಿತ್ತಾ ಅಂತ ಮನೆಯವರು ಕೇಳಿದ್ರು. ಹೌದು ಅಂದುಬಿಟ್ಟೆ. ಪಾಪ ಲೈಟಿನವನಿಗೆ ಬೈಗುಳ ಬಿತ್ತು.

ಆಗಿದ್ದು ಇಷ್ಟೇ, 50 ಹರ್ಟ್ಜ್ ಕರೆಂಟಲ್ಲಿ ಹಳೇ ಚೋಕ್ ಇರೋ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತೆ, ಕಣ್ಣಿಗೆ ಗೊತ್ತಾಗಲ್ಲ. ಶಟರ್ 1/50 ಇದ್ರೆ ಪ್ರತಿ ಫ್ರೇಮಿಗೂ ಸರಿಯಾಗಿ ಎರಡು ಮಿನುಗು ಸಿಗ್ತವೆ, 1/100 ಇದ್ರೆ ಒಂದು, 1/60 ಇಟ್ರೆ ಒಂದೂವರೆ ಚಿಲ್ರೆ ಸಿಗುತ್ತೆ, ಕ್ಯಾಮೆರಾದೊಳಗೆ ಬೆಳಕು ಹಿಡಿಯೋ ಸೆನ್ಸರ್ ಮೇಲಿಂದ ಕೆಳಗೆ ಸಾಲುಸಾಲಾಗಿ ಓದ್ಕೊಂಡು ಬರೋದ್ರಿಂದ ಆ ವ್ಯತ್ಯಾಸವೇ ಪಟ್ಟೆಯಾಗಿ ಕಾಣೋದು. ಹಾಗಾಗಿ ಮೆನುಗೆ ಹೋಗಿ ಮೊದಲು ಎನ್‌ಟಿಎಸ್‌ಸಿ (ಅಮೆರಿಕದ ಟಿವಿ ಪದ್ಧತಿ) ಅಂತ ಇರೋದನ್ನ ಪಾಲ್ (ನಮ್ಮ ಕಡೆಯದು) ಮಾಡಿ, ಆಗ 25 ಮತ್ತೆ 50 ಫ್ರೇಮ್ ಸಿಗುತ್ತೆ, ಶಟರ್ 1/50ಕ್ಕೆ ತನ್ನಿ. ಕೆಲವು ಕ್ಯಾಮೆರಾಗಳು ಇದಕ್ಕೆ ಕಾರ್ಡ್ ಫಾರ್ಮ್ಯಾಟ್ ಮಾಡ್ತೀನಿ ಅಂತಾವೆ, ಒಳಗೆ ಫೋಟೋ ಇದ್ರೆ ಮೊದಲು ತೆಗೆದಿಟ್ಕೊಳ್ಳಿ. ಜಪಾನಲ್ಲೇ ಟೋಕಿಯೋ ಕಡೆ 50 ಹರ್ಟ್ಜ್, ಒಸಾಕಾ ಕಡೆ 60, ಆ ದೇಶದ ಕ್ಯಾಮೆರಾಮನ್‌ಗಳ ಪಾಡು ನೆನೆಸ್ಕೊಂಡ್ರೆ ನಮ್ಮದು ಪರವಾಗಿಲ್ಲ.

ಅಲಂಕಾರದ ಸೀರಿಯಲ್ ಲೈಟ್ ಸರ, ಅಗ್ಗದ ಎಲ್‌ಇಡಿ ಪ್ಯಾನಲ್ ಇವು ಮಾತ್ರ ಈ ಲೆಕ್ಕಕ್ಕೂ ಸಿಗಲ್ಲ, ಅವು ತಮಗೆ ಬೇಕಾದ ಹಾಗೆ ಮಿನುಗ್ತವೆ. ಆಟ ಶುರುವಾಗೋ ಮುಂಚೆ ಹತ್ತು ಸೆಕೆಂಡ್ ರೆಕಾರ್ಡ್ ಮಾಡಿ ಝೂಮ್ ಮಾಡಿ ನೋಡೋದೇ ದಾರಿ.

ಫೋಟೋ ತೆಗೆದು ಕೈ ಪಳಗಿದವರು ಇನ್ನೊಂದು ತಪ್ಪು ಮಾಡ್ತಾರೆ, ಹಗಲಲ್ಲಿ ಶಟರ್ 1/500, 1/1000ಕ್ಕೆ ಏರಿಸ್ತಾರೆ. ಫೋಟೋಕ್ಕೆ ಸರಿ, ವಿಡಿಯೋದಲ್ಲಿ ವೇಷದವರು ಧಿಗಿಣ (ಹಾರಿ ಸುತ್ತೋ ಕುಣಿತ) ಹಾಕಿದ್ರೆ ಕತ್ತರಿಸಿ ಕತ್ತರಿಸಿ ಅಂಟಿಸಿದ ಹಾಗೆ ಕಾಣುತ್ತೆ. 1/50ರಲ್ಲೇ ನಿಲ್ಲಿ ಅಂದ್ರೆ ಬಿಸಿಲಲ್ಲಿ ಐಎಸ್‌ಒ (ಬೆಳಕಿನ ಸೂಕ್ಷ್ಮತೆ) 100 ಇದ್ರೂ ಅಪರ್ಚರ್ (ಲೆನ್ಸಿನ ಕಿಂಡಿ) ತೀರಾ ಕಿರಿದಾಗಿ ಎಫ್ 22ಕ್ಕೆ ಹೋಗ್ಬೇಕಾಗುತ್ತೆ, ಅದಕ್ಕೇ ಎನ್‌ಡಿ ಫಿಲ್ಟರ್ ಬೇಕು. ಎನ್‌ಡಿ 64 ಹಾಕಿದ್ರೆ ಕಿಂಡಿ ದೊಡ್ಡದು ಮಾಡಿ ಎಫ್ 2.8ಕ್ಕೆ ಬರ್ಬಹುದು. ಲೆನ್ಸಿಗೆ ಹಾಕೋ ಕಪ್ಪು ಕನ್ನಡಕ ಅಂದ್ಕೊಳ್ಳಿ. ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಾಣಿಕೆ) ಆಟೋ ಬಿಡ್ಲೇಬೇಡಿ, ಕೆಂಪು ವೇಷ ಬಂದಾಗ ಒಂದು ಬಣ್ಣ, ಹಸಿರು ವೇಷ ಬಂದಾಗ ಹಿಂದಿನ ಪರದೆಯೇ ಬೇರೆ ಬಣ್ಣ. ಮೈಕೂ ಅಷ್ಟೇ, ಆಟೋ ಲೆವೆಲ್ ಇದ್ರೆ ಚಂಡೆ ಬಿದ್ದ ಕೂಡ್ಲೇ ಭಾಗವತರ ದನಿ ಮುಳುಗಿಹೋಗುತ್ತೆ, ಮ್ಯಾನುವಲ್ ಮಾಡಿ ಚಂಡೆ ಜೋರಾಗಿದ್ದಾಗ ನೋಡಿ ಲೆವೆಲ್ ಇಳಿಸಿಟ್ಕೊಳ್ಳಿ.

ಹಳೇ ಕ್ಯಾಮೆರಾ ಇರೋರು ಇನ್ನೊಂದು ನೆನಪಿಟ್ಕೊಳ್ಳಿ, 29 ನಿಮಿಷ 59 ಸೆಕೆಂಡಿಗೆ ರೆಕಾರ್ಡಿಂಗ್ ತಾನಾಗೇ ನಿಲ್ಲುತ್ತೆ. ಕ್ಯಾಮೆರಾ ಕೆಟ್ಟಿಲ್ಲ. ಅರ್ಧ ಗಂಟೆ ದಾಟಿ ರೆಕಾರ್ಡ್ ಮಾಡಿದ್ರೆ ಯುರೋಪಲ್ಲಿ ಅದನ್ನ ವಿಡಿಯೋ ಕ್ಯಾಮೆರಾ ಅಂತ ಲೆಕ್ಕ ಹಾಕಿ ಹೆಚ್ಚು ಸುಂಕ ಹಾಕ್ತಿದ್ರು, ಅದಕ್ಕೆ ಕಂಪನಿಗಳು ಒಂದು ಸೆಕೆಂಡ್ ಮುಂಚೆ ನಿಲ್ಲಿಸಿದ್ವು. ಅಲ್ಲಿನ ಸುಂಕಕ್ಕೆ ಇಲ್ಲಿ ನಮ್ಮ ಯುದ್ಧದ ಪ್ರವೇಶ ಹೋಯ್ತು.

ದೀಪಾವಳಿ ಕಳೆದ್ರೆ ಮೇಳಗಳು ತಿರುಗಾಟಕ್ಕೆ ಹೊರಡ್ತವೆ, ಹುಡುಗರೆಲ್ಲ ಕ್ಯಾಮೆರಾ ಹಿಡ್ಕೊಂಡು ಬರ್ತಾರೆ. ಅಷ್ಟರೊಳಗೆ ಆ 1/60ಕ್ಕೆ ಪುರವಣಿಯಲ್ಲಿ ಒಂದು ತಿದ್ದುಪಡಿ ಹಾಕಿ ದಯವಿಟ್ಟು, ಲೈಟಿನವರು ಇನ್ನೂ ಎಷ್ಟು ಅಂತ ಬೈಸ್ಕೊಳ್ಬೇಕು.

— ಒಬ್ಬ ಸ್ಟುಡಿಯೋದವ, ಕುಂದಾಪುರ